ಸೆರಗಿನ ವಿಮಾನಕ್ಕೆ ಎಷ್ಟು ಬಾಲ

ಮಕ್ಕಳೇ, ನಿಮ್ಮಕ್ಕನಿಗೆ ವಾಯುಪಡೆಯಲ್ಲಿ ಕೆಲಸ ಸಿಕ್ಕಾಗ ನಿಮ್ಮಪ್ಪ ಅವಳಿಗೆಂದೇ ಮಗ್ಗಕ್ಕೆ ರೇಷ್ಮೆ ಸೀರೆಯ ಹಾಸಿನ ನೂಲು ಏರಿಸಿದ. ಅವಳು ಬಂದು ನನ್ನ ಪಕ್ಕ ಕೂತು, "ಅಜ್ಜಿ, ಸೆರಗಿಗೆ ಮಾವಿನಕಾಯಿ ಬ್ಯಾಡ, ಯುದ್ಧವಿಮಾನ ಬರೆದುಕೊಡು. ತಪ್ಪಬಾರದು ಮತ್ತೆ. ಅಲ್ಲಿರೋರೆಲ್ಲ ವಿಮಾನ ಬಲ್ಲೋರು, ನಗ್ತಾರೆ" ಅಂದಳು. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ಮಗ್ಗಕ್ಕೆ ಗ್ರಾಫ್ ಹಾಳೆಯ ಮೇಲೆ ಬುಟ್ಟಾ ಬರೆಯುವವಳು ನಾನು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ.

ಮೊಬೈಲಿನಲ್ಲಿ ನಮ್ಮ ವಾಯುಪಡೆಯ ಮೂರು ವಿಮಾನ ತೋರಿಸಿದಳು. ತೇಜಸ್‌ಗೆ ತ್ರಿಕೋನದ ರೆಕ್ಕೆ, ಹಿಂದೆ ಬೇರೆ ಅಡ್ಡರೆಕ್ಕೆ ಇಲ್ಲ. ರಫೇಲ್‌ಗೂ ತ್ರಿಕೋನವೇ, ಆದರೆ ಕುತ್ತಿಗೆಯ ಹತ್ತಿರ ಎರಡು ಪುಟ್ಟ ರೆಕ್ಕೆ. ಸುಖೋಯ್‌ಗೆ ನೆಟ್ಟಗೆ ನಿಂತ ಎರಡು ಬಾಲ, ಮಿಕ್ಕ ಎರಡಕ್ಕೂ ಒಂದೊಂದೇ. ಅವಳು ಹೇಳುವಾಗ ತಿಳಿದಂತೆಯೇ ಇತ್ತು. ಮೊಬೈಲು ತೆಗೆದುಕೊಂಡು ಹೋದಳೋ, ಮೂರೂ ಒಂದೇ.

ನಾನು ಬರೆದದ್ದು ನೋಡಿ ಹೊಟ್ಟೆ ಹಿಡಿದು ನಕ್ಕಳು. "ತ್ರಿಕೋನ, ಪುಟ್ಟ ರೆಕ್ಕೆ, ಎರಡು ಬಾಲ! ಅಜ್ಜಿ, ಇದು ಚೀನಾದೋರ ವಿಮಾನ ಆಯ್ತಲ್ಲ! ಇದನ್ನ ಉಟ್ಟು ಹೋದ್ರೆ ಗೇಟಲ್ಲೇ ಹಿಡೀತಾರೆ."

ನನಗೆ ಗಾಬರಿ. ನಿಂತಿರುವ ಬಾಲವನ್ನು ಹಾಸಿದ ಬಟ್ಟೆಯ ಮೇಲೆ ಬರೆಯುವುದಾದರೂ ಹೇಗೆ? ಮೇಲಿಂದ ನೋಡಿದರೆ ಅದು ಬರೀ ಗೆರೆ. ಪಕ್ಕದಿಂದ ಬರೆದರೆ ರೆಕ್ಕೆ ಕಾಣದು.

ನಿಜವಾದದ್ದನ್ನೇ ನೋಡಿಬಿಡು ಎಂದು, ವಿಮಾನ ಹಾರಿಸಿ ಪರೀಕ್ಷೆ ಮಾಡುವ ಜಾಗದ ಪಕ್ಕದ ದೊಡ್ಡಉಳ್ಳಾರ್ತಿಯ ನೆಂಟರ ಮನೆಗೆ ಕರೆದೊಯ್ದಳು. ಊರಾಚೆ ದನ ಮೇಯುವ ಕಾವಲಿನಲ್ಲಿ ನಿಂತಿದ್ದಾಗ ಗುಡುಗಿದಂತಾಯಿತು. ಶಬ್ದ ಬಂದ ಕಡೆ ನೋಡಿದೆ, ಆಕಾಶ ಖಾಲಿ.

"ಮುಂದೆ ನೋಡಜ್ಜಿ! ಶಬ್ದ ಹಿಂದೆ ಬರ್ತೈತೆ!"

ಒಂದು ತ್ರಿಕೋನ ಮೋಡಕ್ಕೆ ಹೊಕ್ಕಿತು, ಅಷ್ಟೆ.

"ಕುತ್ತಿಗೆ ಹತ್ರ ಪುಟ್ಟ ರೆಕ್ಕೆ ಇತ್ತಾ?" ಅಂದಳು.

"ಅದಕ್ಕೆ ಕುತ್ತಿಗೆ ಎಲ್ಲೈತೆ ಅಂತಲೇ ಗೊತ್ತಾಗಲಿಲ್ಲ ಕಣವ್ವ."

ಊರಿಗೆ ಬಂದರೆ ನಿಮ್ಮಪ್ಪ, ನಾನು ಬರೆದಂತೆ ತೂತು ಹೊಡೆದು ಮಗ್ಗಕ್ಕೆ ಹಾಕುವ ಜಕಾರ್ಡಿನ ರಟ್ಟು ಹಿಡಿದು ಕಾದಿದ್ದ. "ಅವ್ವಾ, ತೂತು ಹೊಡೆದ ಮೇಲೆ ತಿದ್ದೋಕಾಗಲ್ಲ. ಪುಟ್ಟ ರೆಕ್ಕೆ ಇರ್ಲಾ, ಬ್ಯಾಡ್ವಾ?"

ನಾನು ಬರೆದ ಹಾಳೆಯನ್ನು ನಿಮ್ಮಕ್ಕನ ಮುಂದೆ ಸರಿಸಿದೆ.

"ಉಡೋಳು ನೀನು. ನೀನೇ ಹೇಳು" ಅಂದೆ.

ಅವಳು ರಬ್ಬರ್ ತೆಗೆದುಕೊಂಡು ಪುಟ್ಟ ರೆಕ್ಕೆ ಎರಡನ್ನೂ ಅಳಿಸಿದಳು. ಬಾಲಗಳನ್ನೂ ಅಳಿಸಿ, ನಡುವೆ ಒಂದೇ ಗೆರೆ ಎಳೆದು "ತೇಜಸ್" ಅಂದಳು. ನನ್ನ ಕಣ್ಣಿಗೆ ಅದು ಎಲೆಯಂತೆ ಕಂಡಿತು. ಹಾಳೆಯನ್ನು ನಿಮ್ಮಪ್ಪನ ಕೈಗೆ ಕೊಟ್ಟೆ.

ಮೊನ್ನೆ ಕೆಲಸಕ್ಕೆ ಹೋದಲ್ಲಿಂದ ಫೋನ್ ಮಾಡಿದ್ದಳು. ಆ ಸೀರೆ ಉಟ್ಟಾಗ ಯಾರೂ ನಗಲಿಲ್ಲವಂತೆ, ನೋಡಿದ ಕೂಡಲೇ ತೇಜಸ್ ಎಂದು ಗುರುತು ಹಿಡಿದರಂತೆ. ಇವಳು ಖುಷಿಗೆ, ನಮ್ಮಜ್ಜಿ ಎಲ್ಲಾ ವಿಮಾನ ಬಲ್ಲಳು ಅಂದುಬಿಟ್ಟಿದ್ದಾಳೆ. ರಜೆಗೆ ಗೆಳತಿಯರನ್ನೂ ಕರೆತರುತ್ತಾಳಂತೆ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ರಫೇಲ್ ಯಾವುದು, ಸುಖೋಯ್ ಯಾವುದು ಅಂತ ನನಗೆ ಇನ್ನೊಂದು ಸಲ ಹೇಳಿಕೊಡಿ.