ಒಳಗಿಂದ ನಾನು ಹೇಳಿದ ಎರಡು ಪದ

ನಾನು ಫಾರ್ಮಸಿಸ್ಟ್. ಸಿಡ್ನಿಯ ಎಪ್ಪಿಂಗ್‌ನ ಒಂದು ಸಣ್ಣ ಫಾರ್ಮಸಿಯಲ್ಲಿ ಏಳು ವರ್ಷದಿಂದ ಕೆಲಸ. ಲೇಬಲ್ಲನ್ನು ಎರಡೆರಡು ಸಲ ಓದಿ ಔಷಧಿ ಕೊಡುವವಳು. ದೆವ್ವ ನೋಡಿದೆ ಎನ್ನುವವರ ಎದುರಿಗೇ ನಕ್ಕವಳು.

ಬೊಲಿವಿಯಾದ ಪೊಲೀಸರಿಗೆ ನಾನು ಕೊಟ್ಟ ಹೇಳಿಕೆ ಒಂದೂವರೆ ಪುಟ ಇದೆ. ಅದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ನಡೆದದ್ದೆಲ್ಲ ಅದರಲ್ಲಿಲ್ಲ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಯಾರಾದರೂ ಇದು ಸುಳ್ಳು ಎಂದು ನನಗೆ ಸಾಧಿಸಿ ತೋರಿಸಿದರೆ ಅವರ ಕಾಲು ಹಿಡಿದೇನು.

ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಬಂದ ವರ್ಷ ಐದು ವಾರ ರಜೆ ಹಾಕಿ ದಕ್ಷಿಣ ಅಮೆರಿಕಕ್ಕೆ ಹೊರಟಿದ್ದೆ. ಒಂದೇ ಬ್ಯಾಕ್‌ಪ್ಯಾಕ್, ಒಬ್ಬಳೇ.

"ಅಲ್ಲಿ ಯಾರಿದಾರೆ ನಮ್ಮೋರು?" ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದಳು.

"ಯಾರೂ ಇಲ್ಲ ಅಂತಾನೇ ಹೋಗ್ತಿರೋದು ಅಮ್ಮ."

ಕಡಿಮೆ ಖರ್ಚಿನ ಪ್ರವಾಸ. ಎಂಟು ಮಂಚಗಳ ಡಾರ್ಮಿಟರಿ, ಸಂತೆಯಲ್ಲಿ ಸಿಗುವ ಆಲೂಗಡ್ಡೆ ಸೂಪು, ರೂಮಿನ ಬಾಡಿಗೆ ಉಳಿಯಲಿ ಎಂದು ರಾತ್ರಿ ಬಸ್ಸು. ಮೂರನೆಯ ವಾರ ಬೊಲಿವಿಯಾದ ಉಪ್ಪಿನ ಬಯಲಿನ ಹತ್ತಿರದ ಊರಿಗೆ ತಲುಪಿದೆ. ಎಲ್ಲಕ್ಕಿಂತ ಅಗ್ಗವಾದ ಮೂರು ದಿನದ ಜೀಪ್ ಟೂರ್ ಬುಕ್ ಮಾಡಿದೆ.

ಬೆಳಿಗ್ಗೆ ಜೀಪಿಗೆ ಬ್ಯಾಗ್ ಹಾಕುವಾಗ ಅದರ ಜಿಪ್ ಕಿತ್ತು ಬಂತು. "ಥೂ, ಇದರ ಮನೆ ಹಾಳಾಗ" ಎಂದೆ. ಹಿಂದಿನಿಂದ ಯಾರೋ ಜೋರಾಗಿ ನಕ್ಕರು. ತಿರುಗಿದರೆ ಉದ್ದ ಕೂದಲಿನ ಒಬ್ಬ ಹುಡುಗ. "ಮೈ ಮಮ್ ಸೇಸ್ ದಟ್ ಟು ದ ಡಿಶ್‌ವಾಶರ್!" ಎಂದ.

ಅವನೇ ನಿಖಿಲ್. ಇಪ್ಪತ್ಮೂರು ವರ್ಷ. ಮೆಲ್ಬೋರ್ನಿನ ಪಾಯಿಂಟ್ ಕುಕ್‌ನಲ್ಲಿ ಬೆಳೆದವನು, ಯೂನಿವರ್ಸಿಟಿ ಮುಗಿಸಿ ಆಗಷ್ಟೇ ಹೊರಬಿದ್ದಿದ್ದ. ಅಪ್ಪ ಅಮ್ಮ ಬೆಳಗಾವಿಯವರು, ಅವರಿಗೆ ಇವನೊಬ್ಬನೇ ಮಗ. ಕನ್ನಡ ಎಲ್ಲಾ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆಗೆದರೆ ಇಂಗ್ಲಿಷ್. ಒಂದೇ ಗಂಟೆಯಲ್ಲಿ ನಾನು ಅವನಿಗೆ "ಅಕ್ಕ" ಆಗಿಬಿಟ್ಟೆ.

ಜೀಪಿನಲ್ಲಿ ನಮ್ಮಿಬ್ಬರ ಜೊತೆ ಒಂದು ಜರ್ಮನ್ ಜೋಡಿ, ಮತ್ತೆ ಡ್ರೈವರ್. ಮೊದಲ ದಿನ ಉಪ್ಪಿನ ಬಯಲಿನಲ್ಲಿ ನಿಖಿಲ್ ಚಿಕ್ಕ ಮಗುವಿನ ಹಾಗೆ ಓಡಾಡಿದ. ನೆಲದ ಉಪ್ಪನ್ನು ನೆಕ್ಕಿ ನೋಡಿ, "ಅಮ್ಮನ ಸಾರಿನಷ್ಟು ಉಪ್ಪಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಎರಡನೆಯ ಸಂಜೆ ನಾಲ್ಕು ಸಾವಿರ ಮೀಟರ್‌ಗೂ ಮೇಲಿನ ಒಂದು ಒಂಟಿ ಮನೆಯಲ್ಲಿ ತಂಗಿದೆವು. ಮಣ್ಣಿನ ಗೋಡೆ, ತಗಡಿನ ಮಾಡು. ಸಾಲಾಗಿ ನಾಲ್ಕು ಕೋಣೆ, ಎಲ್ಲದರ ಬಾಗಿಲೂ ಅಂಗಳಕ್ಕೆ. ಕಕ್ಕಸು ಅಂಗಳದ ಆ ತುದಿಯಲ್ಲಿ. ಒಂಬತ್ತರ ನಂತರ ಕರೆಂಟಿಲ್ಲ, ಕೋಣೆಯಲ್ಲಿ ಹೀಟರ್ ಇಲ್ಲವೇ ಇಲ್ಲ. ಎಲ್ಲಿ ನೋಡಿದರೂ ಸಗಣಿ ಸುಟ್ಟ ಹೊಗೆಯ ವಾಸನೆ.

ನಿಖಿಲ್ ಊಟ ಮಾಡಲಿಲ್ಲ. ಎರಡು ಸಲ ವಾಂತಿ ಮಾಡಿಕೊಂಡ. "ಅಕ್ಕ, ತಲೆ ಸಿಡಿದು ಹೋಗ್ತಿದೆ" ಎಂದು ಅವನ ಇಂಗ್ಲಿಷಿನಲ್ಲಿ ಹೇಳುತ್ತಾ ಬೆಂಚಿನ ಮೇಲೆ ಮುದುರಿ ಕೂತ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ತಲೆನೋವು ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಆದರೆ ಅವನು ಎದ್ದು ನಡೆದಾಗ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿದ. ತುಟಿಯ ಬಣ್ಣ ನೀಲಿಗೆ ತಿರುಗಿತ್ತು.

ನಾನು ಅದನ್ನು ನೋಡಿದೆ. ಅದರ ಅರ್ಥವೇನೆಂದು ನನಗೆ ಗೊತ್ತಿತ್ತು. ಓದಿ ಪರೀಕ್ಷೆ ಬರೆದವಳು ನಾನು.

ಬೇಕಿದ್ದರೆ ಈಗಲೇ ಕೆಳಗೆ ಇಳಿಯೋಣ, ಮೂರು ಗಂಟೆಯ ದಾರಿ ಎಂದ ಡ್ರೈವರ್. ಆದರೆ ಇಳಿದರೆ ಮತ್ತೆ ಹತ್ತುವುದಿಲ್ಲ, ನಾಳೆಯ ಬಿಸಿನೀರಿನ ಬುಗ್ಗೆ ಯಾರಿಗೂ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಔಷಧಿ ಗೊತ್ತಿದ್ದವಳು ನಾನೊಬ್ಬಳೇ.

ನನಗೆ ಆ ಬುಗ್ಗೆಗಳನ್ನು ನೋಡಬೇಕಿತ್ತು. ಎರಡು ವರ್ಷದಿಂದ ಅವುಗಳ ಫೋಟೋ ನನ್ನ ಫ್ರಿಜ್ ಮೇಲಿತ್ತು.

ಎರಡು ಪ್ಯಾರಸಿಟಮಾಲ್ ಕೊಟ್ಟು, "ಮಲಗು. ಬೆಳಿಗ್ಗೆ ಹೊತ್ತಿಗೆ ಸರಿಹೋಗತ್ತೆ" ಎಂದೆ.

"ಯು ಶೂರ್, ಅಕ್ಕ?"

"ನಾನು ಫಾರ್ಮಸಿಸ್ಟ್ ಕಣೋ."

ಅವನು ನಂಬಿದ. ನನ್ನ ಪಕ್ಕದ ಕೋಣೆಯೇ ಅವನದು.

ಹಾಕಿದ ಜಾಕೆಟ್ಟಿನಲ್ಲೇ ಐದು ಕಂಬಳಿಯ ಕೆಳಗೆ ಮಲಗಿದೆ. ನಿದ್ದೆ ಹತ್ತುವುದು, ಉಸಿರು ಕಟ್ಟಿದ ಹಾಗಾಗಿ ಎಚ್ಚರವಾಗುವುದು... ಹೀಗೇ ನಡೆದಿತ್ತು. ತಗಡಿನ ಮಾಡು ಚಳಿಗೆ ಟಕ್, ಟಕ್ ಎನ್ನುತ್ತಿತ್ತು. ಒಂದು ಸಲ ಪಕ್ಕದ ಬಾಗಿಲು ಕಿರ್ರೆಂದಿತು. ನಿಖಿಲ್ ಕಕ್ಕಸಿಗೆ ಹೋದ ಎಂದುಕೊಂಡೆ. ವಾಪಸು ಬಂದ ಸದ್ದು ಕೇಳಿದ ನೆನಪಿಲ್ಲ.

ಎರಡು ಗಂಟೆ ಆಗಿತ್ತು. ವಾಚು ನೋಡಿದ್ದೆ.

ನನ್ನ ಬಾಗಿಲನ್ನು ಯಾರೋ ತಟ್ಟಿದರು.

ಗಾಳಿಯಿರಬೇಕು ಎಂದುಕೊಂಡೆ. ಮತ್ತೆ ಮೂರು ಸಲ... ಅಂಗೈಯಲ್ಲಿ ಬಡಿದ ಹಾಗೆ.

"ಯಾರವಾ ಒಳಗ? ಬಾಗಲಾ ತಗೀರಿ."

ಕನ್ನಡ. ಹೆಂಗಸಿನ ಧ್ವನಿ. ವಯಸ್ಸಾದದ್ದಲ್ಲ, ಹರೆಯದ್ದೂ ಅಲ್ಲ.

ಆ ಮನೆಯ ಸುತ್ತ ಐವತ್ತು ಮೈಲಿ ಯಾರೂ ಇರಲಿಲ್ಲ. ತೆಳು ಗಾಳಿಗೆ ತಲೆ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ತಲೆಯೊಳಗಿರುವ ಕನ್ನಡ ಮೈಸೂರಿನದು. ನನ್ನ ಭ್ರಮೆ ಬೆಳಗಾವಿ ಕಡೆಯ ಮಾತನ್ನು ಎಲ್ಲಿಂದ ತರುತ್ತದೆ?

"ತಗಿಯವಾ ಬಾಗಲಾ... ಥಂಡಿ ಭಾಳ ಅದ. ಹುಡುಗ ಬಿದ್ದಾನ... ತಗೀ ಬಾಗಲಾ."

ನಾನು ಎದ್ದು ಕೂತೆ. ಅವನ ಕೋಣೆಯ ಗೋಡೆಯನ್ನು ಗುದ್ದಿದೆ. "ನಿಖಿಲ್!" ಉತ್ತರವಿಲ್ಲ. ಗಾಢ ನಿದ್ದೆಯಲ್ಲಿದ್ದಾನೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಆಗ ನನಗೆ ನೆನಪಾದದ್ದು ನಮ್ಮ ಬೀದಿ. ನಾನು ಸಣ್ಣವಳಿದ್ದಾಗ ಎಲ್ಲರ ಮನೆ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿದ್ದರು. ರಾತ್ರಿ ಹೊತ್ತು ದೆವ್ವ ಬರುತ್ತದೆ, ನಮ್ಮವರ ಧ್ವನಿಯಲ್ಲಿ ಕೂಗುತ್ತದೆ, ತೆಗೆದವರು ಉಳಿಯುವುದಿಲ್ಲ ಎನ್ನುತ್ತಿದ್ದರು. ಬರಹ ಓದಿದರೆ ಮಾತ್ರ ಹಿಂದಿರುಗಿ ಹೋಗುತ್ತದಂತೆ. ಮೂವತ್ನಾಲ್ಕು ವರ್ಷದ, ಪಿಆರ್ ಇರುವ, ಎರಡು ಡಿಗ್ರಿಯ ನಾನು ಆ ಕತ್ತಲಲ್ಲಿ ಮೂರನೆಯ ಕ್ಲಾಸಿನ ಹುಡುಗಿಯಾಗಿಬಿಟ್ಟೆ.

ಧ್ವನಿ ನಿಲ್ಲಲಿಲ್ಲ. ಬೇಡಿತು, ಬೈಯಿತು, ಅತ್ತಿತು. ಕೂಗಿ ಕೂಗಿ ಗಂಟಲು ಒಡೆಯತೊಡಗಿತು. "ನಿನ್ನ ಕಾಲಿಗ್ ಬೀಳ್ತೀನಿ... ನನ್ನ ಕೈಲೆ ಎತ್ತಾಕ್ ಆಗವಲ್ದು..."

ಕಂಬಳಿಯೊಳಗಿಂದಲೇ ಹೇಳಿದೆ. "ನಾಳೆ ಬಾ."

ನಂತರ ಇನ್ನೂ ಜೋರಾಗಿ ಬಡಿತ.

"ನಾಳೆ ಬಾ! ನಾಳೆ ಬಾ!"

ಬಡಿತ ನಿಂತಿತು. ಬಾಗಿಲಿಗೆ ಯಾರೋ ಒರಗಿದ ಸದ್ದು. ನಂತರ ಗಂಟಲು ಪೂರ್ತಿ ಬಿದ್ದುಹೋದವರ ಪಿಸುಮಾತು... ಮಾತು ತಿಳಿಯಲಿಲ್ಲ. ಆಮೇಲೆ ಏನೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಆ ಸಮಾಧಾನಕ್ಕೆ ನಿದ್ದೆಯೂ ಬಂತು.

ಬೆಳಿಗ್ಗೆ ಡ್ರೈವರ್ ಕಿರುಚಿದ ಸದ್ದಿಗೆ ಎದ್ದೆ.

ನಿಖಿಲ್ ಅಂಗಳದಲ್ಲಿದ್ದ. ನನ್ನ ಬಾಗಿಲಿನಿಂದ ಹತ್ತು ಹೆಜ್ಜೆ. ಕಕ್ಕಸಿನಿಂದ ವಾಪಸು ಬರುವಾಗ ಬಿದ್ದಿದ್ದ. ಕೆನ್ನೆಯ ಕೆಳಗೆ ಕೈ ಇಟ್ಟು ಮಗ್ಗುಲಾಗಿ ಮಲಗಿದ ಹಾಗಿದ್ದ. ರೆಪ್ಪೆಯ ಮೇಲೆ ಮಂಜು ಗಟ್ಟಿಯಾಗಿತ್ತು.

ಕೆಳಗಿನ ಊರಿನ ಡಾಕ್ಟರ್ ಹೇಳಿದರು. ಮಿದುಳಿಗೆ ನೀರು ತುಂಬಿ ಎಚ್ಚರ ತಪ್ಪಿದ್ದಾನೆ, ಉಳಿದದ್ದನ್ನು ಚಳಿ ಮಾಡಿದೆ. ಬಿದ್ದ ಮೇಲೂ ಒಂದೆರಡು ಗಂಟೆ ಜೀವ ಇದ್ದಿರಬಹುದು. ಯಾರಾದರೂ ಒಳಗೆ ಎಳೆದುಕೊಂಡು, ಕೆಳಗೆ ಇಳಿಸಿದ್ದರೆ... ಎಂದು ಕೈ ತಿರುಗಿಸಿದರು.

ಜರ್ಮನ್ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ, ರಾತ್ರಿ ಯಾರಾದರೂ ಕೂಗಿದ್ದು ಕೇಳಿತಾ ಎಂದು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಿನ್ನ ಧ್ವನಿ ಮಾತ್ರ ಕೇಳಿತು. ಏನೋ ಹೇಳಿದೆ. ಮೂರು ಸಲ."

ಸಿಡ್ನಿಗೆ ಬಂದೆ, ಕೆಲಸಕ್ಕೆ ಹೋದೆ. ಎರಡು ತಿಂಗಳಿಗೆ ನಿಖಿಲ್‌ನ ಅಪ್ಪನ ಫೋನು. "ಮಗನ್ನ ಕಡೀಕ್ ನೋಡಿದವರು ನೀವು. ಒಮ್ಮೆ ಬಂದ್ ಹೋಗ್ರಿ. ಅವರವ್ವ ಭಾಳ ಹಂಬಲಿಸ್ಲಿಕತ್ತಾಳ."

ಒಂದು ಶನಿವಾರ ಮೆಲ್ಬೋರ್ನಿಗೆ ಹಾರಿದೆ. ಅಂಕಲ್ ಏರ್‌ಪೋರ್ಟಿಗೆ ಬಂದಿದ್ದರು. ಪಾಯಿಂಟ್ ಕುಕ್‌ನ ಎರಡಂತಸ್ತಿನ ಮನೆ, ಹೊರಗಿನ ರ‍್ಯಾಕಿನಲ್ಲಿ ಅವನ ಶೂಗಳು ಹಾಗೇ ಇದ್ದವು.

ನಿಖಿಲ್‌ನ ಅಮ್ಮ ಬಾಗಿಲು ತೆರೆದರು.

"ಬಾರವಾ... ಒಳಗ ಬಾ."

ಅದೇ ಧ್ವನಿ. ಒಡೆದ, ಗಾಳಿ ತುಂಬಿದ, ಕೂಗಿ ಕೂಗಿ ಹರಿದ ಗಂಟಲು. ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಅಂಕಲ್ ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಆಂಟಿ ಚಹಾ ಮಾಡಲು ಒಳಗೆ ಹೋದಾಗ ಅಂಕಲ್ ತಾವಾಗಿಯೇ ಹೇಳಿದರು.

"ಧ್ವನಿ ಕೇಳಿ ಗಾಬರಿ ಆತೇನ್ರಿ? ಮೊದಲ ಹಿಂಗ ಇರಲಿಲ್ಲ. ಭಜನಿ ಹಾಡಾಕಿ ಅಕಿ. ಅವ ಹೋದ ದಿನಾ ಮಧ್ಯಾಹ್ನ ಮಲಗಿದ್ಲು. ನಾಲ್ಕ ದಾಟಿ ಎದ್ದಾಗ ಗಂಟಲದಾಗಿಂದ ಮಾತ ಹೊರಡವಲ್ದು. ನಮಗಿನ್ನೂ ಸುದ್ದಿ ಸೈತ ಬಂದಿರಲಿಲ್ಲ. ಡಾಕ್ಟರು ನೋಡಿ, ತಾಸುಗಟ್ಟಲೆ ಚೀರಿದವರಿಗೆ ಹಿಂಗ ಆಗ್ತದ ಅಂದ್ರು. ಇಕಿ ಎಲ್ಲಿ ಚೀರ‍್ಯಾಳ? ನನ್ನ ಬಾಜೂಕ ಮಲಗಿದ್ಲು."

ಅಲ್ಲಿ ರಾತ್ರಿ ಎರಡಾದರೆ ಇಲ್ಲಿ ಮಧ್ಯಾಹ್ನ ನಾಲ್ಕು. ನಾನು ಲೆಕ್ಕ ಹಾಕಲಿಲ್ಲ. ಲೆಕ್ಕ ತಾನಾಗಿ ಆಗಿಹೋಯಿತು.

ಆಂಟಿ ಚಹಾ ತಂದು ನನ್ನ ಪಕ್ಕದಲ್ಲೇ ಕೂತರು. ನನ್ನ ಕೈ ಹಿಡಿದರು. ಒಲೆಯ ಮುಂದಿನಿಂದ ಬಂದಿದ್ದರೂ ಅವರ ಅಂಗೈ ತಣ್ಣಗಿತ್ತು.

"ಅವನ ಬಾಜೂದ ಖೋಲ್ಯಾಗ ನೀನ ಇದ್ದೆಂತ... ಏನರ ಕೇಳಿಸ್ತೇನವಾ ನಿನಗ?"

ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಇಲ್ಲ ಆಂಟಿ. ಏನೂ ಕೇಳಿಸಲಿಲ್ಲ. ನಿದ್ದೆ ಬಂದಿತ್ತು."

ಅವರು ತಲೆ ಅಲ್ಲಾಡಿಸಿದರು. ನನ್ನ ಕೈ ಬಿಡಲಿಲ್ಲ. "ಪಾಪ, ನಿನಗರ ಏನ್ ಗೊತ್ತಿರ್ತದ" ಎಂದು, ಡಬ್ಬಿಯಲ್ಲಿ ಚುರಮುರಿ ಕಟ್ಟಿಕೊಟ್ಟರು. ಅಂದಿನಿಂದ ನಾನು ಅವರಿಗೆ ಮಗಳಿದ್ದ ಹಾಗೆ.

ಪ್ರತಿ ಭಾನುವಾರ ಸಂಜೆ ಆಂಟಿಯ ಫೋನು ಬರುತ್ತದೆ. ಎತ್ತದಿದ್ದರೆ ಮತ್ತೆ ಮತ್ತೆ ಬರುತ್ತದೆ. ಎತ್ತುತ್ತೇನೆ. ಆ ಒಡೆದ ಗಂಟಲಿನಲ್ಲಿ ಅವರು ನನ್ನ ಊಟ, ಕೆಲಸ, ರೆಂಟು ಎಲ್ಲ ವಿಚಾರಿಸುತ್ತಾರೆ. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಹೂಂ ಎನ್ನುತ್ತೇನೆ. ಗಂಟಲಿಗೆ ಥೆರಪಿ ನಡೆದಿದೆಯಂತೆ. ಸುಧಾರಿಸುತ್ತಿಲ್ಲ.

ಕಳೆದ ಭಾನುವಾರ ಮಾತಿನ ನಡುವೆ ಅವರು ಸುಮ್ಮನಾದರು. ಲೈನ್ ಕಟ್ಟಾಯಿತೇನೋ ಎಂದು ನಾನು "ಆಂಟಿ?" ಎಂದೆ.

"ವೀಣಾ," ಎಂದರು, ತೀರಾ ಮೆಲ್ಲಗೆ. "ಅವತ್ತ ರಾತ್ರಿ ನಿನಗ ಎಚ್ಚರ ಇತ್ತಲ್ಲಾ?"

ದೂರ ಹಿಡಿದಿದ್ದ ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು.

"ಇರಲಿ ಬಿಡು," ಎಂದರು ಆಂಟಿ. "ಊಟಾ ಆತೇನವಾ?"