ಅಕ್ಕನ ಬಾಯಿ ಮೂಸಿದ ದಿನ

ಹೋದ ವಾರ ಜಹೀರಾಬಾದಿನ ಸಂತೆಯಿಂದ ಒಣ ಮೀನು ತಂದು ಹಿತ್ತಲಲ್ಲಿ ಕೆಂಡದ ಮೇಲೆ ಸುಡುತ್ತಿದ್ದೆ. ವಾಸನೆ ಬೀದಿಯವರೆಗೆ ಹೋಗಿತ್ತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಬಂದು ನಿಂತಳು.

"ಆಯಿ, ನಾ ಇವತ್ತಿಂದ ಇದೆಲ್ಲಾ ಬಿಟ್ಟೀನಿ. ಮಾಂಸ ಇಲ್ಲ, ಮೀನ ಇಲ್ಲ, ತತ್ತಿ ಬಿ ಇಲ್ಲ."

ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ. ಆ ವಾಸನೆಗೆ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾಗಿದ್ದಳು. ಅವಳು ನೆನಪಾದರೆ ಅವಳ ಗಂಡನೂ ನೆನಪಾಗುತ್ತಾನೆ. ಅವನು ನೆನಪಾದರೆ ಇವತ್ತಿಗೂ ನನ್ನ ಹಲ್ಲು ಹಲ್ಲಿಗೆ ಕಚ್ಚುತ್ತದೆ.

ಆಗ ನಾವು ಕಂಗ್ಟಿ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ, ಎದೆಮಟ್ಟದ್ದು. ಅಕ್ಕ ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳು. ಒಣ ಮೀನು ಎಂದರೆ ಅವಳಿಗೆ ಜೀವ. ಸುಟ್ಟು, ತಲೆ ಮುರಿದು ಎಸೆದು, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು ಹಾಕಿ ಕಲ್ಲಿನ ಮೇಲೆ ಕುಟ್ಟುತ್ತಿದ್ದಳು. ಕುಟ್ಟುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನಿಟ್ಟು ಗೋಡೆಯ ಮೇಲಿಂದ ನನಗೂ ಕೊಡುತ್ತಿದ್ದಳು. "ತಿನ್ನು. ಖಾರ ಆದ್ರ ನನಗ ಬೈ, ಬಿಡಬ್ಯಾಡ," ಎನ್ನುತ್ತಿದ್ದಳು.

ಗಂಡ ದುಡಿಯುವವನೇ. ಆದರೆ ಸಂಜೆ ಸೇಂದಿ ಅಂಗಡಿಗೆ ಹೋಗುತ್ತಿದ್ದ. ಕುಡಿದು ಬಂದು ಹೊಡೆಯುತ್ತಿದ್ದ. ಅವಳ ಬೆನ್ನಿಗೆ ಎಣ್ಣೆ ಹಚ್ಚಿದವಳು ನಾನು, ಅದಕ್ಕೇ ಹೇಳುತ್ತೇನೆ.

ಒಂದು ಆಷಾಢದಲ್ಲಿ ಅವನು ಪಂಢರಪುರಕ್ಕೆ ನಡೆದು ಹೋದ. ಬರುವಾಗ ಕೊರಳಲ್ಲಿ ತುಳಸಿ ಮಾಳ ಇತ್ತು. ನಮ್ಮ ಕಡೆ ಮಾಳ ಹಾಕಿದವರು ಕುಡಿಯುವುದಿಲ್ಲ, ಮಾಂಸ ಮೀನು ಮುಟ್ಟುವುದಿಲ್ಲ. ಒಳ್ಳೆಯದೇ. ಎಷ್ಟೋ ಮನೆಯಲ್ಲಿ ಗಂಡ ಬಿಟ್ಟರೆ ಅವನೊಬ್ಬನೇ ಬಿಡುತ್ತಾನೆ. ಹೆಂಡತಿ ಮಕ್ಕಳು ಬೇರೆ ಗಡಿಗೆಯಲ್ಲಿ ಮಾಡಿಕೊಂಡು ತಿನ್ನುತ್ತಾರೆ. ಇವನು ಹಾಗಲ್ಲ. ಕಾಲು ತೊಳೆಯುವ ಮೊದಲೇ ಹೊಸ್ತಿಲ ಮೇಲೆ ನಿಂತು ಕೂಗಿದ:

"ಇವತ್ತಿಂದ ಈ ಮನ್ಯಾಗ ಯಾರೂ ತಿನ್ನಂಗಿಲ್ಲ. ನೀ ತಿಂದಿ ಅಂದ್ರ ನನ್ನ ಮಾಳ ಕೆಟ್ಟಂಗ. ತೆಗೆದು ಗೂಟಕ್ಕ ಹಾಕ್ತೀನಿ, ನೋಡು."

ಮಾಳ ಗೂಟಕ್ಕೆ ಹೋದರೆ ಇವನು ಮತ್ತೆ ಸೇಂದಿ ಅಂಗಡಿಗೆ ಹೋಗುತ್ತಾನೆ. ಅದು ಓಣಿಗೆಲ್ಲ ತಿಳಿಯಿತು. ಅಕ್ಕನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ವ್ರತ ಅವನದು, ಕಾಯುವುದು ಇವಳ ನಾಲಿಗೆ.

ಮಣ್ಣಿನ ಗಡಿಗೆಗಳನ್ನೆಲ್ಲ ಒಡೆಸಿದ. ರೊಟ್ಟಿಯ ಹಂಚನ್ನು ಶುದ್ಧವಾಗಲೆಂದು ಕುಳ್ಳಿನ ಬೆಂಕಿಗೆ ಹಾಕಿಸಿದ. ಮೀನು ಕುಟ್ಟಿದ ಕಲ್ಲಿನ ವಾಸನೆ ಹೋಗಲೆಂದು ಕಲ್ಲು ಕೆತ್ತುವವನನ್ನು ಕರೆಸಿ ಮೇಲಿನ ಪದರ ಕೆತ್ತಿಸಿದ. ಕಲ್ಲನ್ನೂ ಬಿಡಲಿಲ್ಲ, ಪುಣ್ಯಾತ್ಮ! ಕೋಳಿಗಳು ಅಕ್ಕನ ತವರಿಗೆ ಹೋದವು.

"ಏನಕ್ಕ, ಒಂದ್ ಮಾತ ಆಡ್ದೇ ಬಿಟ್ಟಿ?" ಎಂದು ಕೇಳಿದೆ.

"ಕುಡಿಯೋದು ಬಿಟ್ಟಾನ, ಕೈ ಎತ್ತೋದು ಬಿಟ್ಟಾನ. ನನ್ನ ನಾಲಿಗಿ ಏನ್ ದೊಡ್ಡದು ಬಿಡವ್ವ," ಎಂದಳು. ಆಮೇಲೆ ನಕ್ಕಳು. "ಕನಸಿನ್ಯಾಗ ತಿಂತೀನಿ. ಅದಕ್ಕೇನ್ ಮಾಳ ಕೆಡಂಗಿಲ್ಲ ನೋಡು."

ನಾನು ಮೀನು ಸುಡುವಾಗ ಸುಮ್ಮನೆ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ನಿಲ್ಲಿಸಲೇನು ಎಂದರೆ, "ನೀ ಸುಡು. ವಾಸನಿಗೇನ್ ಪಾಪ ಇಲ್ಲ," ಎನ್ನುತ್ತಿದ್ದಳು...

ಆ ವರ್ಷ ತೊಗರಿ ರಾಶಿ ಮುಗಿದಿತ್ತು. ಅವನು ಭಜನೆಯ ಗಂಡಸರನ್ನು ಕರೆದುಕೊಂಡು ಮನೆಗೆ ಬಂದ. ನನ್ನ ಒಲೆಯ ಮೀನಿನ ವಾಸನೆ ಅವರ ಅಂಗಳಕ್ಕೂ ಬಡಿದಿತ್ತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಷ್ಟು ಜನರ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿದ.

"ಬಾಯಿ ತೆಗಿ."

"ತಿಂದಿಲ್ರಿ. ನಿಮ್ಮ ಆಣಿ, ತಿಂದಿಲ್ರಿ."

"ತೆಗಿ ಅಂದ್ನಿಲ್ಲ?"

ಅಕ್ಕ ಕಣ್ಣು ಮುಚ್ಚಿ ಬಾಯಿ ತೆರೆದಳು. ಅವನು ಬಗ್ಗಿ ಮೂಸಿದ. ಎತ್ತಿನ ಹಲ್ಲು ನೋಡುವವರೂ ಅದಕ್ಕೆ ಒಂದಿಷ್ಟು ಮರ್ಯಾದೆ ಕೊಡುತ್ತಾರೆ.

ನಾನು ಸುಟ್ಟ ಮೀನು ಕೈಯಲ್ಲಿ ಹಿಡಿದುಕೊಂಡೇ ಅವರ ಅಂಗಳಕ್ಕೆ ನುಗ್ಗಿದೆ. "ಭಾವಾ, ಈ ವಾಸನಿ ನನ್ನ ಒಲಿದು. ಮೂಸೋದಿದ್ರ ಬರ್ರಿ, ನನ್ನ ಬಾಯಿ ಮೂಸ್ರಿ!" ಎಂದೆ. ಗಂಡಸರಲ್ಲಿ ಒಬ್ಬ ನೆಲ ನೋಡಿದ. ಒಬ್ಬ ನಕ್ಕ.

ಅಕ್ಕ ಮಧ್ಯಾಹ್ನ ಬೆಳ್ಳುಳ್ಳಿ ಖಾರ ತಿಂದಿದ್ದಳು, ಅಷ್ಟೇ. ಅವನಿಗೆ ಅಷ್ಟು ಸಾಕಾಯಿತು. "ವಾಸನಿ ಅದ," ಎಂದ. ಮಾಳ ತೆಗೆದು ಗೂಟಕ್ಕೆ ಹಾಕಿ ಸೇಂದಿ ಅಂಗಡಿಯ ದಾರಿ ಹಿಡಿದ. ಹೊಲಕ್ಕೆ ಹೋಗುವಾಗ ಅವನು ಅಷ್ಟು ಬೇಗ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮರುದಿನ ಅಕ್ಕನ ತುಟಿ ಊದಿತ್ತು. ಊರು ಯಾರನ್ನು ಬೈದಿರಬೇಕು? ಅವಳನ್ನೇ. "ಹೆಣ್ಮಗಳು ನಾಲಿಗಿ ಹಿಡೀಲಿಲ್ಲ. ಪಾಪ, ಗಂಡನ ಮಾಳ ಹೋತು," ಎಂದು ಬಾವಿಯ ಹತ್ತಿರ ಹೆಂಗಸರೇ ಆಡಿಕೊಂಡರು. ಕೆಲವು ದಿನ ಕುಡಿದು, ಒಂದು ಏಕಾದಶಿಗೆ ಅವನು ಮತ್ತೆ ಮಾಳ ಹಾಕಿಕೊಂಡ. ಜನ ಮತ್ತೆ ಅವನ ಕಾಲು ಮುಟ್ಟಿದರು. ಅಕ್ಕ ಬೆಳ್ಳುಳ್ಳಿಯನ್ನೂ ಬಿಟ್ಟಳು. ಗೋಡೆಯ ಹತ್ತಿರ ಬರುವುದನ್ನೂ ಬಿಟ್ಟಳು...

ಎಷ್ಟೋ ವರ್ಷದ ಮೇಲೆ ಜ್ವರ ಬಂದು ಸತ್ತಳು. ನಮ್ಮಲ್ಲಿ ದಿನದ ಕಾರ್ಯಕ್ಕೆ ಸತ್ತವರು ಇಷ್ಟಪಟ್ಟದ್ದನ್ನು ಕಾಗೆಗೆ ಇಡುತ್ತಾರೆ. ಅವನು ಹೋಳಿಗೆ ಇಟ್ಟ. ಅಕ್ಕನಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಸೆರಗಿನಲ್ಲಿ ಒಣ ಮೀನು ಕಟ್ಟಿಕೊಂಡು ಹೋಗಿದ್ದೆ. ಅವನು ಅಡ್ಡ ನಿಂತ.

"ಆಕಿ ತನ್ನ ಮನಸ್ಸಿಲೇ ಬಿಟ್ಟಿದ್ಲು. ಈಗ ಯಾಕ ಮೈಲಿಗಿ ಮಾಡ್ತಿ?"

"ಆಕಿ ಮನಸ್ಸಾ? ಆಕಿ ಮನಸ್ಸು ಯಾವತ್ತರೆ ಕೇಳಿದ್ರೇನ್ರಿ ಭಾವಾ? ಬಾಯಿ ಮೂಸಿದವ್ರು ನೀವು!"

ಹಿರಿಯರು ನನ್ನ ರಟ್ಟೆ ಹಿಡಿದು ಆಚೆ ಕಳಿಸಿದರು. ಕಾಗೆ ಬಂತು, ಹೋಳಿಗೆ ತಿಂದಿತು. ತೃಪ್ತಿಯಾಯಿತು ಎಂದು ಎಲ್ಲರೂ ಕೈ ಮುಗಿದರು. ಕಾಗೆಗೇನು, ಏನಿಟ್ಟರೂ ತಿನ್ನುತ್ತದೆ.

ಇದೆಲ್ಲ ತಲೆಯಲ್ಲಿ ಕುದಿಯುತ್ತಿತ್ತು. ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿದೆ: "ಯಾರ್ ಹೇಳ್ಯಾರ ಬಿಡು ಅಂತ? ಲಗ್ನದ ಮಾತ ಆಡ್ಲಾಕ ಬಂದವ್ರೇನು?"

"ಯಾರೂ ಹೇಳಿಲ್ಲ ಆಯಿ. ಅಂಗಡ್ಯಾಗ ಕೋಳಿ ಕೊಯ್ಯೋದ್ ನೋಡ್ದೆ. ನನಗೇ ಬ್ಯಾಡ ಅನ್ನಿಸ್ತು."

"ನಾಳಿ ಬೇಕು ಅನ್ನಿಸಿದ್ರ?"

"ತಿಂತೀನಿ. ಯಾರ್ನ ಕೇಳೋದದ?"

"ಹಂಗಿದ್ರ ಬಿಡು. ಆದ್ರ ನನ್ನ ತಾಟಿಗೆ ಮೂಗು ಮುಚ್ಕೋಬ್ಯಾಡ."

ಅವಳಿಗೆ ಪುಂಡಿ ಪಲ್ಯ ಬಡಿಸಿದೆ. ನಾನು ನನ್ನದು ತಿಂದೆ. ಇಷ್ಟೇ ಮಾತು. ಇಷ್ಟನ್ನು ಅಕ್ಕನಿಗೆ ಕೇಳಲು ಆ ಊರಿನಲ್ಲಿ ಒಬ್ಬ ಗಂಡಸಿಗೂ ಬಾಯಿ ಬರಲಿಲ್ಲ. ಅವಳ ಗಂಡ ಇನ್ನೂ ಬದುಕಿದ್ದಾನೆ, ಜನ ಇನ್ನೂ ಅವನ ಕಾಲು ಮುಟ್ಟುತ್ತಾರೆ. ಅಕ್ಕ ಇಲ್ಲ.