ಮೊದಲ ಗುಟುಕು

ನಮ್ಮ ಬೀದಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನಿಗೆ ತಾವು ಜಡಿದ ಬೀಗದ ಮೇಲೂ ನಂಬಿಕೆಯಿಲ್ಲ. ಅಂಗಡಿ ಮುಚ್ಚಿ ಬೀದಿ ಕೊನೆಯವರೆಗೆ ಹೋದವರು ತಿರುಗಿ ಬಂದು ಅದನ್ನು ಜಗ್ಗಿ ನೋಡುತ್ತಾರೆ, ಜಗ್ಗಿದ್ದನ್ನು ಯಾರಾದರೂ ಕಂಡರೇನೋ ಎಂದು ಸುತ್ತಲೂ ಕಣ್ಣಾಡಿಸುತ್ತಾರೆ. ಇಂಥವರು, ಎಲ್ಲ ಧರ್ಮದವರೂ ತಿಂಗಳಿಗೊಮ್ಮೆ ಸೇರುವ ನಮ್ಮ ಸ್ನೇಹಕೂಟವನ್ನು ಒಮ್ಮೆಯೂ ತಪ್ಪಿಸುವುದಿಲ್ಲ. ತಾವಿಲ್ಲದಾಗ ಅಲ್ಲಿ ಏನು ಮಸಲತ್ತು ನಡೆಯುತ್ತದೋ ಯಾರಿಗೆ ಗೊತ್ತು! ಕೂರುವುದು ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು. ಬೇರೆ ಧರ್ಮದವರು ನಕ್ಕರೆ, "ಸುಮ್‌ಸುಮ್ನೆ ಯಾರಾದ್ರೂ ನಗ್ತಾರೇನ್ರೀ?" ಎಂದು ನನ್ನ ಕಿವಿ ಕಚ್ಚುತ್ತಾರೆ, ತಮ್ಮವರೇ ನಕ್ಕರೆ, "ಇವ್ನೂ ಅವ್ರ ಕಡೆ ಸೇರ್ಕೊಂಡ" ಎನ್ನುತ್ತಾರೆ. ಟೀ ಬಂದರಂತೂ, ಪಕ್ಕದಲ್ಲಿ ಕೂತ ಬೇರೆ ಧರ್ಮದ ಟೈಲರು ಒಂದು ಗುಟುಕು ಕುಡಿದು ಬದುಕುಳಿಯುವವರೆಗೂ ಇವರ ಲೋಟ ಮೇಲೇಳದು. ಟೈಲರಿಗೂ ಇದು ಗೊತ್ತು. ನಾಲಿಗೆ ಸುಟ್ಟರೂ ಬಿಸಿಬಿಸಿಯಾಗಿಯೇ ಗುಟುಕರಿಸಿ, "ಏನೂ ಆಗಿಲ್ಲ ಬೀಗದಣ್ಣ, ಕುಡೀರಿ" ಎನ್ನುತ್ತಾರೆ. ಕಳೆದ ಕೂಟಕ್ಕೆ ಟೈಲರು ಬರಲಿಲ್ಲ. "ಏನೋ ಇದೆ" ಎಂದು ಗೊಣಗಿದ ಬೀಗದಣ್ಣ ಟೀ ಮುಟ್ಟದೆ ಎದ್ದು, ಫ್ಲಾಸ್ಕನ್ನೇ ಎತ್ತಿಕೊಂಡು ಹೊರಟುಬಿಟ್ಟರು. ಇವರ ಸಹವಾಸದಿಂದ ನನಗೂ ಅನುಮಾನದ ಚಟ ಹತ್ತಿದೆ, ಹಿಂದೆಯೇ ಹೋದೆ. ಟೈಲರು ಮನೆಯಲ್ಲಿ ಜ್ವರ ಬಂದು ಮಲಗಿದ್ದರು. ಬೀಗದಣ್ಣ ಮಂಚದ ಪಕ್ಕ ಕೂತು ಎರಡು ಲೋಟಕ್ಕೆ ಟೀ ಬಗ್ಗಿಸಿದರು. ಟೈಲರು ಕೈ ಚಾಚಿದಾಗ "ತಡೀರಿ" ಎಂದು ತಡೆದು, ತಾವೇ ಮೊದಲು ಒಂದು ಗುಟುಕು ಕುಡಿದು, ನಾಲಿಗೆ ಸುಟ್ಟುಕೊಂಡು, ಒಂದು ಗಳಿಗೆ ಕಾದರು. "ನೋಡಿ, ನನಗೇನೂ ಆಗಿಲ್ಲ. ಈಗ ನೀವು ಕುಡೀರಿ."